ಕೈತೋಟದ ಪ್ರಶ್ನೋತ್ತರ: ಕರಿಬೇವಿನ ಎಲೆ ಹಳದಿ ಯಾಕೆ?

ಪ್ರಶ್ನೆ: ಮೇಡಂ, ಬಾಲ್ಕನಿಯ ಕುಂಡದಲ್ಲಿ ಕರಿಬೇವು ನೆಟ್ಟಿದ್ದೇನೆ. ಬೆಳಿಗ್ಗೆ, ಸಂಜೆ ತಪ್ಪದೆ ನೀರು ಹಾಕುತ್ತೇನೆ. ಸೋಸಿದ ಟೀ ಪುಡಿಯನ್ನೂ ಹಾಕುತ್ತೇನೆ. ಆದರೂ ಎಲೆ ಹಳದಿಯಾಗಿ ಉದುರುತ್ತಿದೆ. ಈಗ ಕಾಂಡದ ಮೇಲೆ ಹತ್ತಿಯಂಥ ಬಿಳಿ ಏನೋ ಕೂತಿದೆ. ಯಾವ ಗೊಬ್ಬರ ಕೊಡಲಿ?
– ಓದುಗರು, ಬೆಂಗಳೂರು

ಉತ್ತರ: ಸದ್ಯಕ್ಕೆ ಯಾವ ಗೊಬ್ಬರವೂ ಬೇಡ. ಮೊದಲು ಕೈಯಲ್ಲಿರುವ ಚೊಂಬು ಕೆಳಗಿಡಿ! ನೀರು ಜಾಸ್ತಿಯಾಗಿದೆ. ಬೇರಿಗೆ ಗಾಳಿಯೂ ಬೇಕಲ್ವಾ? ಮಣ್ಣು ಸದಾ ಕೆಸರಾಗಿದ್ದರೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ, ಗಿಡ ಬಾಡುತ್ತದೆ. ಬಾಡಿದ್ದನ್ನು ನೋಡಿ ‘ಅಯ್ಯೋ ಪಾಪ’ ಅಂತ ಇನ್ನೊಂದು ಚೊಂಬು ಸುರಿಯುತ್ತೇವೆ. ಕುಂಡದ ಗಿಡಗಳು ಬಹಳಷ್ಟು ಸಾಯುವುದು ಹೀಗೇ.

ಗಡಿಯಾರ ನೋಡಿ ನೀರು ಹಾಕಬೇಡಿ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ತೇವ ತಗುಲಿದರೆ ಅವತ್ತು ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ಇಳಿಯುವವರೆಗೆ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ನೀರು ಇಳಿಯುತ್ತಲೇ ಇಲ್ಲ ಅಂದರೆ ಕುಂಡ ವಾಲಿಸಿ ತೂತಿಗೆ ಕಡ್ಡಿ ಹಾಕಿ ನೋಡಿ. ಬರೀ ಕೆಂಪು ಮಣ್ಣು ತುಂಬಿದ್ದರೆ ಅದು ಇಟ್ಟಿಗೆ ಥರ ಗಟ್ಟಿಯಾಗಿರುತ್ತದೆ. ಕೆಂಪು ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮಪಾಲು ಬೆರೆಸಿ ಗಿಡ ಬದಲಾಯಿಸಿ. ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಆಗಲೇ ಕತ್ತರಿಸಿ.

ಆ ಬಿಳಿ ಹತ್ತಿ ಅಂದರೆ ಹಿಟ್ಟು ತಿಗಣೆ, ಗಿಡದ ರಸ ಹೀರುವ ಪುಟ್ಟ ಕೀಟ. ಟೀ ಪುಡಿಯಲ್ಲಿ ಉಳಿದ ಹಾಲು, ಸಕ್ಕರೆಗೆ ಇರುವೆ ಬರುತ್ತದೆ. ತಿಗಣೆ ಬಿಡುವ ಸಿಹಿ ಅಂಟೂ ಇರುವೆಗೆ ಇಷ್ಟ, ಹಾಗಾಗಿ ತಿಗಣೆಯನ್ನು ಕಾವಲು ಕಾದು ಸಾಕುತ್ತದೆ. ಹಳೇ ಟೂತ್‌ಬ್ರಷ್ಷನ್ನು ಸೋಪಿನ ನೀರಲ್ಲಿ ಅದ್ದಿ ತಿಕ್ಕಿ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ. ಟೀ ಪುಡಿ ಹಾಕಲೇಬೇಕು ಅಂತಿದ್ದರೆ ತೊಳೆದು, ಕಾಂಪೋಸ್ಟ್ ಡಬ್ಬಕ್ಕೆ ಹಾಕಿ.

ಇನ್ನೊಂದು ಮಾತು. ಗಿಡ ಚೇತರಿಸಿಕೊಂಡ ಮೇಲೆ ಒಗ್ಗರಣೆಗೆ ಒಂದೊಂದೇ ಎಲೆ ಬಿಡಿಸಬೇಡಿ. ತುದಿ ಸಮೇತ ಚಿವುಟಿ, ಪಕ್ಕದಲ್ಲಿ ಹೊಸ ಕವಲು ಒಡೆಯುತ್ತದೆ.

ಪ್ರಶ್ನೆ: ತಾರಸಿಯಲ್ಲಿ ಟೊಮೆಟೊ ತುಂಬ ಹೂ ಬಿಟ್ಟಿದೆ. ಕಾಯಿ ಕಚ್ಚದೆ ಎಲ್ಲ ಉದುರುತ್ತಿದೆ. ಈಗ ಏಪ್ರಿಲ್, ಬಿಸಿಲಿಗೇನೂ ಕೊರತೆ ಇಲ್ಲ!
– ಓದುಗರು, ಕಲಬುರಗಿ

ಉತ್ತರ: ಆ ಬಿಸಿಲೇ ತೊಂದರೆ. 35 ಡಿಗ್ರಿ ದಾಟಿದರೆ ಟೊಮೆಟೊ ಪರಾಗ ಕೆಡುತ್ತದೆ, ನಿಮ್ಮೂರಲ್ಲಿ ಈಗ 40 ಮಾಮೂಲು. ಮಧ್ಯಾಹ್ನಕ್ಕೆ ನೆರಳು ಪರದೆ ಕಟ್ಟಿ, ಗಿಡ ಉಳಿಸಿಕೊಳ್ಳಿ. ಹೂ ಉದುರುತ್ತದೆ ಅಂತ ಯೂರಿಯಾ ಮಾತ್ರ ಹಾಕಬೇಡಿ, ಸುಮ್ನೆ ಎಲೆ ಸೊಕ್ಕುತ್ತದೆ. ಮುಂದಿನ ಸಲ ಜೂನ್‌ನಲ್ಲಿ ಸಸಿ ಮಾಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿ ಎಲೆ ಮುರುಟು ರೋಗ ತಡೆಯುತ್ತದೆ. ಅದು ಹೈಬ್ರಿಡ್, ಅಂದರೆ ಬೇರೆ ಬೇರೆ ತಳಿ ಬೆರೆಸಿ ಮಾಡಿದ್ದು; ಅದರ ಹಣ್ಣಿನ ಬೀಜದಿಂದ ಅದೇ ಗುಣದ ಗಿಡ ಬರುವುದಿಲ್ಲ, ತೆಗೆದಿಟ್ಟು ಪ್ರಯೋಜನವಿಲ್ಲ. ಬೇಸಿಗೆಗೆ ಬೆಂಡೆ, ಬಸಳೆ ಹಾಕಿ.

ಪ್ರಶ್ನೆ: ಕೊತ್ತಂಬರಿ ಬಿತ್ತಿ ವಾರವಾಯಿತು, ಮೊಳಕೆಯೇ ಇಲ್ಲ.
– ಓದುಗರು, ಹಾಸನ

ಉತ್ತರ: ಇಡೀ ಕಾಳು ಹಾಕಿದ್ದೀರಾ? ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ. ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಒಡೆದು, ರಾತ್ರಿ ನೆನೆಸಿ ಬಿತ್ತಬೇಕು. ಆದರೂ ಈಗಲೇ ಕೆದಕಬೇಡಿ. ಎರಡು ವಾರದವರೆಗೂ ಬರುವುದುಂಟು.