ಇಂಗ್ಲಿಷ್ ಮೇಡಂ ಮುಂದೆ ನಿಲ್ಲುವ ಸಂಕೋಚ

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಕನ್ನಡ ಮೇಷ್ಟ್ರ ಜೊತೆ ಸಲಿಗೆಯಿಂದ ಮಾತನಾಡುವ ಪೋಷಕರು ನನ್ನನ್ನು ‘ಇಂಗ್ಲಿಷ್ ಮೇಡಂ’ ಎಂದು ಕರೆದು ದೂರವೇ ನಿಲ್ಲುತ್ತಾರೆ. ಆದರೆ ಹೊರದೇಶಗಳ ಶಿಕ್ಷಕರೊಡನೆ ನಡೆದ ಆನ್‌ಲೈನ್ ಸಭೆಯೊಂದರಲ್ಲಿ ಉಚ್ಚಾರಣೆಯ ಅಳುಕಿನಿಂದ ನನಗೇ ಬಾಯಿ ಬರಲಿಲ್ಲ. ಇಲ್ಲಿ ದೊಡ್ಡವಳು, ಅಲ್ಲಿ ಸಣ್ಣವಳು ಆಗುವುದೇಕೆ?
— ಒಬ್ಬ ಶಿಕ್ಷಕಿ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಪೋಷಕರ ಸಂಕೋಚಕ್ಕೂ ನಿಮ್ಮ ಅಳುಕಿಗೂ ಮೂಲ ಒಂದೇ. ಇಂಗ್ಲಿಷ್ ಎಷ್ಟು ಬರುತ್ತದೆ ಎಂಬುದರ ಮೇಲೆ ಮನುಷ್ಯನ ಯೋಗ್ಯತೆಯನ್ನು ಅಳೆಯುವ ರೂಢಿ ಎರಡೂ ಕಡೆ ಕೆಲಸ ಮಾಡುತ್ತಿದೆ. ಇಂಗ್ಲಿಷ್ ಶಿಕ್ಷಣಕ್ಕೇ ಹಣ ಕೊಡಬೇಕೆಂದು ವಾದಿಸಿದ 1835ರ ಮೆಕಾಲೆ ಟಿಪ್ಪಣಿಯ ನಂತರ ಕಂಪನಿ ಸರ್ಕಾರದ ಶಿಕ್ಷಣದ ಹಣ ಇಂಗ್ಲಿಷಿನ ಕಡೆಗೆ ತಿರುಗಿತು; ನಮ್ಮ ಮಲೆನಾಡಿನಲ್ಲಂತೂ ಅದು ಕಾಫಿ ತೋಟದ ದೊರೆಗಳ ಭಾಷೆಯೂ ಆಗಿದ್ದುದರಿಂದ ಯಜಮಾನಿಕೆಯ ಗತ್ತು ಅದಕ್ಕೆ ಅಂಟಿಕೊಂಡಿತು. 2007ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಾಗ, ಕನ್ನಡದಲ್ಲಿ ಓದಿ ಕನ್ನಡದಲ್ಲೇ ತರಬೇತಿ ಪಡೆದಿದ್ದ ಎಷ್ಟೋ ಶಿಕ್ಷಕರು ಆ ಗತ್ತಿಗೂ ಅದರ ಬೆನ್ನಿಗಿರುವ ಅಂಜಿಕೆಗೂ ಏಕಕಾಲಕ್ಕೆ ವಾರಸುದಾರರಾದರು.

ಉಚ್ಚಾರಣೆಯ ವಿಷಯದಲ್ಲಿ ಕಾಶ್ಮೀರ ಮೂಲದ ಭಾಷಾವಿಜ್ಞಾನಿ ಬ್ರಜ್ ಕಚ್ರು ಅವರ ವಾದ ನಿಮಗೆ ಧೈರ್ಯ ಕೊಡಬಹುದು. ಇಂಗ್ಲಿಷ್ ಮನೆಮಾತಾಗಿರುವ ಬ್ರಿಟನ್, ಅಮೆರಿಕಗಳನ್ನು ಒಳವರ್ತುಲದಲ್ಲಿಯೂ ಅದು ಎರಡನೆಯ ಭಾಷೆಯಾಗಿ ಬೇರೂರಿರುವ ಭಾರತ, ನೈಜೀರಿಯಾಗಳನ್ನು ಹೊರವರ್ತುಲದಲ್ಲಿಯೂ ಇಟ್ಟ ಅವರು, ಹೊರವರ್ತುಲದ ಇಂಗ್ಲಿಷ್ ಕೆಟ್ಟ ನಕಲಲ್ಲ, ಅದಕ್ಕೆ ತನ್ನದೇ ಆದ ಕ್ರಮವಿದೆ ಎಂದು ವಾದಿಸಿದರು. ‘ವ್ಯಾನ್’, ‘ವಾಟರ್’ ಎರಡರ ಮೊದಲ ಧ್ವನಿಯನ್ನೂ ನಾವು ಒಂದೇ ರೀತಿ ನುಡಿಯುತ್ತೇವೆ. ಅದರಿಂದ ಅರ್ಥ ಕೆಡುವುದು ಅಪರೂಪ. ಆದರೆ ಪದದಲ್ಲಿ ಒತ್ತು ಬೀಳಬೇಕಾದ ಕಡೆ ಬೀಳದಿದ್ದರೆ ಕೇಳುವವರು ನಿಜಕ್ಕೂ ತಡವರಿಸುತ್ತಾರೆ. ನೀವು ಅಭ್ಯಾಸ ಮಾಡಬೇಕಾದದ್ದು ಈ ಒತ್ತನ್ನು. ಲಂಡನ್ನಿನವರಂತೆ ರಾಗ ಎಳೆಯುವುದನ್ನಲ್ಲ. ಸಭೆಯಲ್ಲಿದ್ದ ಹೊರದೇಶದವರಲ್ಲಿ ಎಷ್ಟೋ ಮಂದಿಗೆ ಇಂಗ್ಲಿಷ್ ಮನೆಮಾತಾಗಿರಲಿಕ್ಕಿಲ್ಲ ಎಂಬುದನ್ನೂ ಗಮನದಲ್ಲಿಡಿ.

ನನಗೆ ಹೆಚ್ಚು ಚಿಂತೆಯ ವಿಷಯವೆಂದು ತೋರುವುದು ಪೋಷಕರ ಸಂಕೋಚ. ನಿಮ್ಮ ಭಾಗದ ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದ ಕುಟುಂಬಗಳೂ ಇವೆ. ಕನ್ನಡವನ್ನೇ ಅರೆಬರೆ ಕಲಿತ ಅಂಥ ತಾಯಿಯೊಬ್ಬಳು ಮಗುವಿನ ಪ್ರಗತಿ ಪತ್ರಕ್ಕೆ ಸಹಿ ಹಾಕಲು ಬಂದಾಗ, ಅದರಲ್ಲಿ ಇಂಗ್ಲಿಷಿನಲ್ಲಿ ಬರೆದ ಷರಾ ಅವಳ ಬಾಯಿ ಕಟ್ಟಿಹಾಕುತ್ತದೆ. ಅವಳಿಗೆ ಕುರ್ಚಿ ಕೊಡಿ, ಷರಾವನ್ನು ಸರಳ ಕನ್ನಡದಲ್ಲಿ ಓದಿ ಹೇಳಿ, ಮನೆಯಲ್ಲಿ ಮಗು ಯಾವ ಭಾಷೆ ಆಡುತ್ತದೆಂದು ಕೇಳಿ. ಆ ಉತ್ತರ ನಿಮ್ಮ ಪಾಠಕ್ಕೂ ಬೇಕು. ಹೀಗೆ ಮಾಡಿದರೆ ಇಂಗ್ಲಿಷ್ ಶಿಕ್ಷಕಿಯೆಂಬ ಗೌರವ ಕಡಿಮೆಯಾದೀತೆಂಬ ಶಂಕೆ ಬೇಡ: ಕನ್ನಡದ ಏಳಿಗೆಗೆ ಜೀವಮಾನವಿಡೀ ದುಡಿದ ಬಿ.ಎಂ. ಶ್ರೀಕಂಠಯ್ಯನವರು ವೃತ್ತಿಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೇ ಆಗಿದ್ದರು. ಪೋಷಕರು ‘ಇಂಗ್ಲಿಷ್ ಮೇಡಂ’ ಎಂದು ಕರೆಯುವುದನ್ನು ತಡೆಯಲು ಹೋಗಬೇಡಿ, ಅದು ಜಗಳಕ್ಕೆ ದಾರಿ. ಪೋಷಕರ ಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತು ಆರಂಭಿಸುವವರು ನೀವಾದರೆ ಸಾಕು.