ಓದುಗರ ಪ್ರಶ್ನೆ: ಸ್ವಂತ ವಿಮಾನದ ಇಂಜಿನ್ನಿಗೆ ಎರಡನೆಯ ಆಲ್ಟರ್ನೇಟರ್

ಪ್ರಶ್ನೆ: ಸ್ನೇಹಿತರು ಸೇರಿ ಎರಡು ಸೀಟಿನ ವಿಮಾನವೊಂದನ್ನು ಕಟ್ಟುತ್ತಿದ್ದೇವೆ. ಕಾರ್ಬ್ಯುರೇಟರ್ ಇರುವ ಲೈಕಮಿಂಗ್ ಓ-320 ಇಂಜಿನ್ನಿನ ಎರಡೂ ಮ್ಯಾಗ್ನೆಟೊಗಳನ್ನು (ಇಂಧನ ಹೊತ್ತಿಸುವ ಕಿಡಿ ಕೊಡುವ ಸಾಧನಗಳನ್ನು) ತೆಗೆದು, ಅದೇ ಕೆಲಸಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸಿದ್ದೇವೆ. ಮುಂದೆ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್ (ವಿದ್ಯುತ್ ಉತ್ಪಾದಿಸುವ ಯಂತ್ರ) ಇದೆ. ಅದು ಕೈಕೊಟ್ಟರೆ ಇರಲೆಂದು ಕಾರಿನ ಆಲ್ಟರ್ನೇಟರ್ ಒಂದನ್ನು ಅದೇ ಬೆಲ್ಟಿಗೆ ಜೋಡಿಸಬಹುದೇ? ಎಷ್ಟು ಆಂಪಿಯರ್ ಬೇಕು?
– ಓದುಗರೊಬ್ಬರು, ಹುಮನಾಬಾದ್, ಬೀದರ್ ಜಿಲ್ಲೆ

ಉತ್ತರ: ಅದೇ ಬೆಲ್ಟಿಗೆ ದಯವಿಟ್ಟು ಜೋಡಿಸಬೇಡಿ. ಬೆಲ್ಟ್ ಹರಿದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಮ್ಯಾಗ್ನೆಟೊ ತನಗೆ ಬೇಕಾದ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ನೀವು ಹಾಕಿರುವ ಇಗ್ನಿಷನ್ನಿನ ಒಳಗೇ ಪುಟ್ಟ ಜನರೇಟರ್ ಇಲ್ಲದಿದ್ದರೆ, ಬ್ಯಾಟರಿ ಬರಿದಾದ ಕ್ಷಣವೇ ಇಂಜಿನ್ ನಿಲ್ಲುತ್ತದೆ. ಆದ್ದರಿಂದ ಎರಡನೆಯ ಆಲ್ಟರ್ನೇಟರಿನಲ್ಲಿ ನೋಡಬೇಕಾದ ಮೊದಲ ಗುಣ ಅದರ ಸಾಮರ್ಥ್ಯವಲ್ಲ, ಅದು ಮೊದಲನೆಯದರೊಂದಿಗೆ ಬೆಲ್ಟ್, ರೆಗ್ಯುಲೇಟರ್ (ವೋಲ್ಟೇಜನ್ನು ಹತೋಟಿಯಲ್ಲಿಡುವ ಸಾಧನ), ಫ್ಯೂಸ್, ಸ್ವಿಚ್ ಯಾವುದನ್ನೂ ಹಂಚಿಕೊಳ್ಳದಿರುವುದು.

ಇಂಜಿನ್ನಿನ ಹಿಂಬದಿಯಲ್ಲಿ ವ್ಯಾಕ್ಯೂಮ್ ಪಂಪ್ (ಗಾಳಿ ಎಳೆದು ಕೆಲವು ಉಪಕರಣಗಳನ್ನು ನಡೆಸುವ ಪಂಪ್) ಕೂರಿಸುವ ಜಾಗವಿದೆ. ನಿಮ್ಮ ಉಪಕರಣಗಳು ವಿದ್ಯುತ್ತಿನವಾಗಿದ್ದರೆ ಅದು ಖಾಲಿಯೇ ಇರುತ್ತದೆ. ಅಲ್ಲಿನ ಗೇರ್ ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನ 1.3 ಪಟ್ಟು ವೇಗದಲ್ಲಿ ತಿರುಗುವುದರಿಂದ, ಇಂಜಿನ್ ನಿಮಿಷಕ್ಕೆ 2,300 ಸುತ್ತು ತಿರುಗುವಾಗ ಆಲ್ಟರ್ನೇಟರಿಗೆ ಸುಮಾರು 3,000 ಸುತ್ತು ಸಿಗುತ್ತದೆ. ಕಾರಿನ ಆಲ್ಟರ್ನೇಟರ್ ಪೂರ್ಣ ಸಾಮರ್ಥ್ಯ ತೋರಲು ಇದಕ್ಕಿಂತ ಬಹಳ ಹೆಚ್ಚಿನ ವೇಗ ಬೇಕು. ಈ ಜಾಗಕ್ಕೆಂದೇ ತಯಾರಾದ, 8 ಅಥವಾ 20 ಆಂಪಿಯರಿನ ಹಗುರ ಆಲ್ಟರ್ನೇಟರುಗಳು ಸಿಗುತ್ತವೆ, ಅವನ್ನೇ ತರಿಸಿಕೊಳ್ಳಿ. ಇಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಅವೂ ಹೆಚ್ಚೇನೂ ಕೊಡುವುದಿಲ್ಲ.

ಎಷ್ಟು ಆಂಪಿಯರ್ ಎಂಬುದಕ್ಕೆ ಅಂದಾಜು ಬೇಡ, ಪ್ರತಿ ಉಪಕರಣದ ಬಳಕೆಯನ್ನು ಮೀಟರಿನಿಂದ ಅಳೆದು ಬರೆದಿಡಿ. ಉದಾಹರಣೆಗೆ ಎರಡು ಇಗ್ನಿಷನ್ನುಗಳಿಗೆ 2.5, ಮಾಹಿತಿ ತೋರಿಸುವ ಪರದೆಗೆ 2, ರಾಡಾರಿಗೆ ವಿಮಾನದ ಗುರುತು ತಿಳಿಸುವ ಟ್ರಾನ್ಸ್‌ಪಾಂಡರಿಗೆ 1, ಆಲಿಸುತ್ತಿರುವ ರೇಡಿಯೊಗೆ 0.5 ಎಂದಾದರೆ ಒಟ್ಟು 6 ಆಂಪಿಯರ್, ಅಂದರೆ 8 ಆಂಪಿಯರಿನದು ಸಾಕು. 100 ವ್ಯಾಟಿನ ಹ್ಯಾಲೊಜನ್ ಲ್ಯಾಂಡಿಂಗ್ ಲೈಟೊಂದೇ 8 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಅಂಥವನ್ನೆಲ್ಲ ಒಂದೇ ಸ್ವಿಚ್ಚಿನಿಂದ ಕಡಿತಗೊಳಿಸುವ ಹಾಗೆ ವೈರಿಂಗ್ ಮಾಡಿ, ಅಗತ್ಯದ ಉಪಕರಣಗಳಿಗೆ ಪ್ರತ್ಯೇಕ ಮಾರ್ಗ ಕೊಡಿ. 17 ಆಂಪಿಯರ್-ಅವರ್ ಬ್ಯಾಟರಿ ಇದೇ ಹೊರೆಯನ್ನು ಮೂರು ಗಂಟೆ ಹೊರುತ್ತದೆಂದು ಭಾಗಾಕಾರ ಮಾಡಿ ನಂಬಬೇಡಿ. ಆ ಅಂಕಿ 20 ಗಂಟೆಗಳ ನಿಧಾನ ಬಳಕೆಗೆ ಸಂಬಂಧಿಸಿದ್ದು. ನಮ್ಮ ಭಾಗದ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಲೆಡ್-ಆಸಿಡ್ ಬ್ಯಾಟರಿಯ ಆಯಸ್ಸೂ ಬೇಗ ಸವೆಯುತ್ತದೆ. ರೆಗ್ಯುಲೇಟರಿಗೂ ಬಿಸಿಯೇ ಶತ್ರುವಾದ್ದರಿಂದ ಅದಕ್ಕೆ ಹೊರಗಿನ ಗಾಳಿ ತಾಗುವಂತೆ ಕೊಳವೆಯೊಂದನ್ನು ಬಿಡಿ.

8 ಆಂಪಿಯರಿನ ಮಾದರಿಯಲ್ಲಿ ಶಾಶ್ವತ ಅಯಸ್ಕಾಂತವಿರುವುದರಿಂದ ಇಂಜಿನ್ ತಿರುಗುವವರೆಗೂ ಅದು ವೋಲ್ಟೇಜ್ ಹುಟ್ಟಿಸುತ್ತಲೇ ಇರುತ್ತದೆ. ಹೀಗಾಗಿ ವೋಲ್ಟೇಜ್ ಸುಮಾರು 16 ದಾಟಿದರೆ ಸಂಪರ್ಕ ಕಡಿಯುವ ರಿಲೇ ಕಡ್ಡಾಯವಾಗಿ ಇರಲಿ. ಮುಖ್ಯ ರೆಗ್ಯುಲೇಟರನ್ನು 14.2 ವೋಲ್ಟಿಗೂ ಎರಡನೆಯದನ್ನು 13ರ ಸುಮಾರಿಗೂ ಹೊಂದಿಸಿದರೆ, ಮೊದಲನೆಯದು ಸೋತಾಗ ಎರಡನೆಯದು ತಾನಾಗಿಯೇ ಹೊರೆ ಹೊರುತ್ತದೆ. ಹಾಗೆ ಹೊತ್ತದ್ದನ್ನು ತಿಳಿಸುವ ದೀಪವೂ ಪೈಲಟ್ಟಿನ ಕಣ್ಣೆದುರು ಇರಬೇಕು.

ಜೋಡಿಸಿದ ಮೇಲೆ ಚಕ್ರಕ್ಕೆ ಅಡೆ ಕೊಟ್ಟು, ವಿಮಾನವನ್ನು ಕಟ್ಟಿಹಾಕಿ, ಮುಖ್ಯ ಆಲ್ಟರ್ನೇಟರನ್ನು ಆಫ್ ಮಾಡಿ, ನೆಲದ ಮೇಲೆಯೇ ಪೂರ್ಣ ಹೊರೆಯ ಪರೀಕ್ಷೆ ಮಾಡಿ. ತೂಕ ಮತ್ತು ಸಮತೋಲನದ ಲೆಕ್ಕವನ್ನು ಮತ್ತೆ ಹಾಕಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಕಲಬುರಗಿ ವಿಮಾನ ನಿಲ್ದಾಣದಲ್ಲಿ ಹಾರಾಟ ತರಬೇತಿ ನಡೆಯುವುದರಿಂದ, ಅಲ್ಲಿ ಪರವಾನಗಿ ಪಡೆದ ನಿರ್ವಹಣಾ ಇಂಜಿನಿಯರ್ ಒಬ್ಬರನ್ನು ಕಂಡು ವೈರಿಂಗ್ ನಕ್ಷೆಯನ್ನು ಈಗಲೇ ತೋರಿಸಿ.

ಪ್ರಶ್ನೆ: ರೋಟ್ಯಾಕ್ಸ್ 912 ಇಂಜಿನ್ನಿಗೂ ಎರಡನೆಯ ಆಲ್ಟರ್ನೇಟರ್ ಬೇಕೇ?
– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಕಾರ್ಬ್ಯುರೇಟರ್ ಇರುವ 912ರಲ್ಲಿ ಇಗ್ನಿಷನ್ನಿಗೆ ಪ್ರತ್ಯೇಕ ಸುರುಳಿಗಳಿರುವುದರಿಂದ ಬ್ಯಾಟರಿ ಸತ್ತರೂ ಇಂಜಿನ್ ಓಡುತ್ತದೆ, ಉಪಕರಣಗಳಿಗೊಂದು ಸಣ್ಣ ಹೆಚ್ಚುವರಿ ಬ್ಯಾಟರಿ ಇಟ್ಟರೆ ಸಾಕು. ಇಂಧನ ಇಂಜೆಕ್ಷನ್ ಇರುವ 912 ಐಎಸ್ ವಿದ್ಯುತ್ತಿಲ್ಲದೆ ಓಡದು. ಆದರೆ ಅದರೊಳಗೆ ತಯಾರಕರೇ ಎರಡು ಜನರೇಟರ್ ಇಟ್ಟಿದ್ದಾರೆ.