ಕ್ವೇಲ್ (ಲಾವಕ್ಕಿ) ಮೊಟ್ಟೆ ಸಿಪ್ಪೆ ಬಿಡಿಸೋದು ಹೇಗೆ? ಸಾರಿಗೆ ಹಾಕಿದರೆ ಯಾಕೆ ರಬ್ಬರ್ ಥರ ಆಗುತ್ತೆ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ, ಯಾಕಂದ್ರೆ ಈ ಮೊಟ್ಟೆ ಕೆಡೋದೇ ಅಲ್ಲಿ. ಕೋಳಿ ಮೊಟ್ಟೆ 50 ಗ್ರಾಂ ದಾಟಿದರೆ ಇದು 10 ಗ್ರಾಂ ಆಸುಪಾಸು. ಹಳದಿಯ ಸುತ್ತ ಇರೋ ಬಿಳಿ ತೀರಾ ತೆಳು. ಕೋಳಿ ಮೊಟ್ಟೆ ಲೆಕ್ಕದಲ್ಲಿ ಬೇಯಿಸಿ, ಮತ್ತೆ ಮಸಾಲೆಯಲ್ಲೂ ಕುದಿಸಿದರೆ ಗಟ್ಟಿಯಾಗದೆ ಇನ್ನೇನಾಗುತ್ತೆ?

ನೀರು ಕುದಿ ಬಂದಮೇಲೆ ಸೌಟಿನಲ್ಲಿ ಮೊಟ್ಟೆಗಳನ್ನ ಮೆಲ್ಲಗೆ ಇಳಿಸಿ. ಹಳದಿ ಮೆತ್ತಗಿರಬೇಕಂದ್ರೆ 3 ನಿಮಿಷ, ಪೂರ್ತಿ ಬೇಯಬೇಕಂದ್ರೆ 4. ಇಂಟರ್‌ನೆಟ್‌ನಲ್ಲಿ ಇದಕ್ಕಿಂತ ಕಡಿಮೆ ಸಮಯ ಹೇಳಿರ್ತಾರೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಅವರು ಹೇಳೋದಕ್ಕಿಂತ ಅರ್ಧ ನಿಮಿಷ ಜಾಸ್ತಿ ಬಿಟ್ಟರೆ ಸರಿಹೋಗುತ್ತೆ. ಇಳಿಸಿದ ತಕ್ಷಣ ಐಸ್ ನೀರಿಗೆ ಹಾಕಿ.

ಸಿಪ್ಪೆ ತೆಳುವಾದ್ರೂ ಒಳಗಿನ ಪೊರೆ ಗಟ್ಟಿ. ಗುಟ್ಟೆಲ್ಲ ಆ ಪೊರೆಯಲ್ಲೇ ಇದೆ. ಮುಚ್ಚಳ ಇರೋ ಸ್ಟೀಲ್ ಡಬ್ಬಿಗೆ ಮೊಟ್ಟೆ, ಸ್ವಲ್ಪ ನೀರು ಹಾಕಿ ನಿಧಾನಕ್ಕೆ ಅಲ್ಲಾಡಿಸಿ, ಸಿಪ್ಪೆ ಪೂರ್ತಿ ಬಿರುಕು ಬಿಡಲಿ. ಆಮೇಲೆ ದಪ್ಪ ತುದಿಯಲ್ಲಿ ಚಿವುಟಿ, ಅಲ್ಲಿ ಗಾಳಿ ಜಾಗ ಇರುತ್ತೆ. ಬೆರಳು ಪೊರೆಯ ಕೆಳಗೆ ಹೋಯ್ತು ಅಂದ್ರೆ ಸಿಪ್ಪೆ ರಿಬ್ಬನ್ ಥರ ಸುತ್ತಿಕೊಂಡು ಬರುತ್ತೆ. ತೀರಾ ತಾಜಾ ಮೊಟ್ಟೆ ಆದರೆ ಸತಾಯಿಸುತ್ತೆ, ನಾಲ್ಕೈದು ದಿನ ಫ್ರಿಡ್ಜ್‌ನಲ್ಲಿಟ್ಟು ಬೇಯಿಸಿ.

ಸಾರಿಗಾದ್ರೆ ಕಾಯಿ, ಹುರಿಗಡಲೆ, ಧನಿಯ, ಚಕ್ಕೆ, ಲವಂಗ ರುಬ್ಬಿದ ಮಸಾಲೆ ಎಣ್ಣೆ ಬಿಡೋವರೆಗೂ ಕುದಿಸಿ, ಒಲೆ ಆರಿಸಿ. ಆಮೇಲಷ್ಟೇ ಮೊಟ್ಟೆಗಳನ್ನ ಟೂತ್‌ಪಿಕ್‌ನಿಂದ ಎರಡು ಕಡೆ ಚುಚ್ಚಿ ಹಾಕಿ ಮುಚ್ಚಿಡಿ. ಮುದ್ದೆ ಕಟ್ಟೋ ಹೊತ್ತಿಗೆ ಉಪ್ಪು ಖಾರ ಹಿಡಿದಿರುತ್ತೆ.

ಆದರೆ ನಿಜ ಹೇಳಬೇಕಂದ್ರೆ ಇದರ ರುಚಿ ನೋಡಬೇಕಾದ್ದು ಪಡ್ಡು ಹಂಚಿನಲ್ಲಿ. ಒಂದು ಗುಳಿಗೆ ಒಂದು ಮೊಟ್ಟೆ, ಅಳತೆ ತೆಗೆದ ಹಾಗೆ ಕೂರುತ್ತೆ. ಗುಳಿಗೆ ತುಪ್ಪ, ಒಂದೊಂದು ಕರಿಬೇವಿನ ಎಲೆ ಹಾಕಿ. ಎಲೆ ಚಟಪಟ ಅಂದಾಗ ಮೊಟ್ಟೆ ಬಿಡಿ, ಉಪ್ಪು, ಕುಟ್ಟಿದ ಮೆಣಸು ಉದುರಿಸಿ, ಸಣ್ಣ ಉರಿಯಲ್ಲಿ ಮುಚ್ಚಿ. ತಿರುಗಿಸಬೇಡಿ. ಅಂಚು ಗರಿಗರಿ, ನಡುವೆ ಹಳದಿ ಮೆತ್ತಗೆ. ಬಿಳಿಗೆ ಹೋಲಿಸಿದರೆ ಹಳದಿ ಪಾಲು ಜಾಸ್ತಿ ಇರೋದರಿಂದ ಬೆಣ್ಣೆಯಂಥ ರುಚಿ ಬರುತ್ತೆ, ಕೋಳಿ ಮೊಟ್ಟೆಯಲ್ಲಿ ಅದು ಸಿಗಲ್ಲ. ಹಸಿ ಮೊಟ್ಟೆನ ಬಟ್ಟಲ ಅಂಚಿಗೆ ಕುಟ್ಟೋಕೆ ಹೋಗಬೇಡಿ, ಚೂರೆಲ್ಲ ಒಳಗೆ ಬೀಳುತ್ತೆ. ಚೂಪಾದ ಚಾಕುವಿನ ತುದಿಯಿಂದ ದಪ್ಪ ತುದಿ ಕೊಯ್ದು ಸುರಿಯಿರಿ.

ಚಿಕ್ಕ ಮಕ್ಕಳಿಗೆ ಕೊಡೋದಾದ್ರೆ ಹಳದಿನೂ ಪೂರ್ತಿ ಬೇಯಿಸಿ, ನಾಲ್ಕು ಹೋಳು ಮಾಡಿ ಕೊಡಿ. ಇಡೀ ಮೊಟ್ಟೆ ಗಂಟಲಿಗೆ ಸಿಕ್ಕಿಕೊಳ್ಳೋ ಗಾತ್ರದಲ್ಲೇ ಇರುತ್ತೆ.